ದುಬೈಗೆ ಹೊರಟವರೇ, ನೇರ ಸ್ಪೆಷಲಿಸ್ಟ್ ಹತ್ತಿರ ಹೋಗಬೇಡಿ

ಮೊಣಕಾಲು ನೋವೆಂದರೆ ನೇರ ಮೂಳೆ ಡಾಕ್ಟರು, ಕಿವಿ ಸೋರಿದರೆ ನೇರ ಇಎನ್‌ಟಿ. ಮಣಿಪಾಲದಿಂದ ದೇರಳಕಟ್ಟೆವರೆಗೆ ಮೆಡಿಕಲ್ ಕಾಲೇಜುಗಳಿರುವ ನಮ್ಮ ಕಡೆ ಇದು ನಡೆಯುತ್ತದೆ. ದುಬೈಯಲ್ಲಿ ಇದೇ ಅಭ್ಯಾಸ ಜೇಬು ಖಾಲಿ ಮಾಡುತ್ತದೆ.

ಅಲ್ಲಿ ಇನ್ಶೂರೆನ್ಸ್ ಕಡ್ಡಾಯ ಅನ್ನೋದು ಎಲ್ಲರಿಗೂ ಗೊತ್ತು. ತಿಂಗಳಿಗೆ 4,000 ದಿರ್ಹಮ್ ದಾಟದ ಸಂಬಳದವರಿಗೆ ಸಾಮಾನ್ಯವಾಗಿ ಸಿಗುವುದು ಬೇಸಿಕ್ ಪ್ಲಾನ್. ವರ್ಷಕ್ಕೆ 1,50,000 ದಿರ್ಹಮ್‌ವರೆಗಿನ ಚಿಕಿತ್ಸೆ, ಕಡಿಮೆಯೇನಲ್ಲ. ಆದರೆ ಮೊದಲು ನಿಮ್ಮ ನೆಟ್‌ವರ್ಕ್‌ನ, ಅಂದರೆ ಇನ್ಶೂರೆನ್ಸ್‌ನ ಲಿಸ್ಟಿನಲ್ಲಿರುವ, ಕ್ಲಿನಿಕ್‌ನಲ್ಲಿ ಜಿಪಿಗೆ (ಸಾಮಾನ್ಯ ಡಾಕ್ಟರಿಗೆ) ತೋರಿಸಬೇಕು. ಅವರು ರೆಫರಲ್ (ಶಿಫಾರಸು ಪತ್ರ) ಕೊಟ್ಟ ಮೇಲೆಯೇ ಸ್ಪೆಷಲಿಸ್ಟ್. ಇಲ್ಲದಿದ್ದರೆ ಬಿಲ್ ಪೂರ್ತಿ ನಿಮ್ಮದೇ.

ದುಬೈಯ ದೇರಾದಲ್ಲಿ ಕೆಲಸಕ್ಕಿದ್ದ ಕಾಪುವಿನ ಹುಡುಗನೊಬ್ಬನಿಗೆ ಬೆನ್ನುನೋವು ಬಂತು. ರೂಮಿನ ಕೆಳಗಿನ ಕ್ಲಿನಿಕ್‌ನಲ್ಲಿ ಅವನ ಇನ್ಶೂರೆನ್ಸ್ ಕಾರ್ಡ್ ನಡೆಯುತ್ತಿತ್ತು. ಅದೇ ಹೆಸರಿನ ಬೋರ್ಡಿದ್ದ ದೊಡ್ಡ ಆಸ್ಪತ್ರೆಯಲ್ಲೂ ನಡೆಯುತ್ತದೆ ಅಂದುಕೊಂಡು ಹೋದ. ಕೌಂಟರಿನಲ್ಲಿ ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ) ತೆಗೆದುಕೊಂಡು ಒಂದು ಫಾರಂ ಮುಂದಿಟ್ಟರು. ಇನ್ಶೂರೆನ್ಸ್ ಒಪ್ಪದಿದ್ದರೆ ದುಡ್ಡು ನಾನೇ ಕಟ್ಟುತ್ತೇನೆ ಎಂದು ಅದರಲ್ಲಿ ಬರೆದಿತ್ತು. ಓದದೆ ಸಹಿ ಹಾಕಿದ. ಎಂಆರ್‌ಐ ಆಯಿತು. ಊರಿಗೆ ಕಳಿಸಬೇಕಿದ್ದ ಆ ತಿಂಗಳ ದುಡ್ಡೆಲ್ಲ ಅಲ್ಲೇ ಹೋಯಿತು. ಹೊಸದಾಗಿ ಬಂದವರು ಈಗಲೂ ಹೀಗೇ ಸಿಕ್ಕಿಬೀಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆಯ ಹೆಸರು ಸಾಲದು, ಆ ಬ್ರಾಂಚ್ ನಿಮ್ಮ ಲಿಸ್ಟಿನಲ್ಲಿ ಇರಬೇಕು. ಸ್ಕ್ಯಾನಿಗೆ ಮಲಗುವ ಮೊದಲು "ಇನ್ಶೂರೆನ್ಸ್‌ನ ಅಪ್ರೂವಲ್ ಬಂತಾ?" ಎಂದು ಕೇಳಿ. ನಾಚಿಕೆ ಬೇಡ. ಎಮರ್ಜೆನ್ಸಿಯಾದರೆ ಮಾತ್ರ ಇದ್ಯಾವುದನ್ನೂ ನೋಡದೆ ಹತ್ತಿರದ ಆಸ್ಪತ್ರೆಗೆ ಓಡಿ.

ಸರಿಯಾಗಿ ಹೋದರೂ ಹೊರರೋಗಿಯಾಗಿ ಡಾಕ್ಟರಿಗೆ ತೋರಿಸುವ, ಟೆಸ್ಟ್ ಮಾಡಿಸುವ ಖರ್ಚಿನಲ್ಲಿ ಶೇ. 20 ನಿಮ್ಮದು. ಅದೇ ಕಾಯಿಲೆಗೆ 7 ದಿನದೊಳಗೆ ಮತ್ತೆ ತೋರಿಸಿದರೆ ಆ ಪಾಲು ಇಲ್ಲ. ನಿಮ್ಮ ಪ್ರೀಮಿಯಂ ಕಂಪನಿಯೇ ಕಟ್ಟಬೇಕು, ಸಂಬಳದಲ್ಲಿ ಮುರಿಯುವಂತಿಲ್ಲ. ಹೆಂಡತಿ ಮಕ್ಕಳದು ಮಾತ್ರ ಅವರನ್ನು ಸ್ಪಾನ್ಸರ್ ಮಾಡುವ ನಿಮ್ಮ ತಲೆ ಮೇಲೆ.

ಮೊದಲು ಜಿಪಿ ಎನ್ನುವ ನಿಯಮ ನನಗೆ ಇಷ್ಟವೇ. ಸುಮ್ನೆ ಮಾಡಿಸುವ ಸ್ಕ್ಯಾನ್ ಎಷ್ಟೋ ತಪ್ಪುತ್ತದೆ. ಆದರೆ ಅಲ್ಲಿ ಕೆಲಸ ಹೋಗಿ ವೀಸಾ ರದ್ದಾದರೆ ಕಾರ್ಡೂ ಹೋಗುತ್ತದೆ. ಮಂಗಳೂರಿನ ನಮ್ಮ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಯಾರೂ ನಿಮ್ಮ ಕೆಲಸ ಕೇಳುವುದಿಲ್ಲ. ಈ ವಿಷಯದಲ್ಲಿ ನಮ್ಮದೇ ಮೇಲು.

ಹೊರಡುವ ಮೊದಲು ಅಪ್ಪ ಅಮ್ಮನ ಆಯುಷ್ಮಾನ್ ಕಾರ್ಡ್ ಮಾಡಿಸಿಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ (ಚಿಕಿತ್ಸೆಗೆ ಸರಕಾರ ನಿಗದಿ ಮಾಡಿದ ದರದ) ಶೇ. 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ಇಲ್ಲೂ ರೆಫರಲ್ ಬೇಕು. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಸೇರಿಸುವ ಮೊದಲೇ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಿಂದ ಪತ್ರ ತೆಗೆದುಕೊಳ್ಳಲು ಮನೆಯವರಿಗೆ ಹೇಳಿಡಿ.