ಥರ್ಮಲ್ ಗನ್ ಗಾಳಿಯನ್ನು ನೋಡುವುದಿಲ್ಲ: ಅಡುಗೆಮನೆಯ ಸೆಖೆ ಅಳೆಯುವುದು ಹೇಗೆ?

ಕೊರೊನಾ ಕಾಲದಲ್ಲಿ ಕೊಂಡ ಥರ್ಮಲ್ ಗನ್ ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಬೇಸಿಗೆಯ ಒಂದು ಮಧ್ಯಾಹ್ನ ನಾನೂ ಅದನ್ನು ಹುಡುಕಿ ತೆಗೆದೆ. ಒಲೆ ಉರಿಯುತ್ತಿತ್ತು. ಗೋಡೆಗೆ ಹಿಡಿದರೆ 38 ಡಿಗ್ರಿ, ಮೇಲಿನ ತಗಡಿನ ಶೀಟಿಗೆ 52, ಸ್ಟೀಲ್ ಡಬ್ಬಿಗೆ 33. ಇದರಲ್ಲಿ ಗಾಳಿಯ ಬಿಸಿ ಯಾವುದು? ಒಂದೂ ಅಲ್ಲ.

ಬಿಸಿಯಾದ ಪ್ರತಿಯೊಂದು ವಸ್ತುವಿನ ಮೈಯಿಂದಲೂ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣ ಹೊರಡುತ್ತದೆ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪ್ರಿಸಂ ಮತ್ತು ಥರ್ಮಾಮೀಟರ್ ಇಟ್ಟುಕೊಂಡು ಬಿಸಿಲಿನಲ್ಲಿ ಕಂಡುಕೊಂಡದ್ದು ಈ ಕಿರಣವನ್ನೇ. ಗನ್ ಆ ಕಿರಣವನ್ನು ಅಳೆಯುತ್ತದೆ. ಆದರೆ ಗನ್ ನೋಡುವ ಕಿರಣಗಳಿಗೆ ಕೋಣೆಯ ಗಾಳಿ, ನಮ್ಮ ಕಣ್ಣಿಗೆ ಕಿಟಕಿ ಗಾಜು ಹೇಗೋ ಹಾಗೆ, ಅಡ್ಡಿಯೇ ಅಲ್ಲ. ಹಾಗಾಗಿ ಅದಕ್ಕೆ ಕಾಣುವುದು ಗಾಳಿಯ ಆಚೆಗಿರುವ ಗೋಡೆ.

ಡಬ್ಬಿಯದು ಇನ್ನೊಂದು ಮೋಸ. ಹೊಳೆಯುವ ಸ್ಟೀಲು ತನ್ನ ಕಿರಣ ಬಿಡುವುದು ಕಡಿಮೆ, ಸುತ್ತಲಿನದನ್ನು ಕನ್ನಡಿಯಂತೆ ತೋರಿಸುವುದೇ ಜಾಸ್ತಿ. ಅದರಲ್ಲಿ ಕಂಡ 33 ನಮ್ಮ ಮುಖದ್ದೇ ಇರಬಹುದು!

ಹಾಗಾದರೆ ಗಾಳಿಯಷ್ಟೇ ಬಿಸಿಯಾಗುವ ಒಂದು ವಸ್ತುವನ್ನು ಗನ್ನಿಗೆ ತೋರಿಸಬೇಕು, ಅಲ್ವಾ? ಹಳೇ ಲಗ್ನಪತ್ರಿಕೆಯ ರಟ್ಟು ಸಾಕು. ಮಿಂಚಿನ ಅಚ್ಚು ಇಲ್ಲದ ಕಡೆಯಿಂದ ಅಂಗೈ ಅಗಲ ಕತ್ತರಿಸಿ. ಬಿಳಿಯಾದರೂ ಚಿಂತೆಯಿಲ್ಲ, ಇನ್ಫ್ರಾರೆಡ್ ಕಣ್ಣಿಗೆ ಬಿಳಿ ಕಾಗದವೂ ಹೆಚ್ಚುಕಡಿಮೆ ಕಪ್ಪೇ. ಅದನ್ನು ದಾರದಲ್ಲಿ ಎದೆಯ ಎತ್ತರಕ್ಕೆ ತೂಗುಹಾಕಿ. ಗೋಡೆಗೆ ತಾಗಬಾರದು, ಒಲೆಯಿಂದ ಒಂದು ಮೀಟರಾದರೂ ದೂರವಿರಲಿ.

ಇನ್ನು ಮುಖ್ಯವಾದ ಕೆಲಸ: ಮರೆ ಕಟ್ಟುವುದು. ಒಲೆಯ ಝಳ ನೇರವಾಗಿ ಬಡಿದರೆ ರಟ್ಟು ಗಾಳಿಗಿಂತ ಜಾಸ್ತಿ ಕಾಯುತ್ತದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಅನ್ನು ಇನ್ನೊಂದು ರಟ್ಟಿಗೆ ಸುತ್ತಿ, ಒಲೆಯ ಕಡೆಗೆ ನಾಲ್ಕು ಬೆರಳು ಅಂತರ ಬಿಟ್ಟು ಕಟ್ಟಿ. ಅಂತರವಿಲ್ಲದಿದ್ದರೆ ಗಾಳಿ ಆಡುವುದಿಲ್ಲ. ತಗಡಿನ ಮಾಡಾದರೆ ಮೇಲೂ ಒಂದು ಮರೆ ಬೇಕು. ಹವಾಮಾನ ಕೇಂದ್ರಗಳಲ್ಲಿ ಥರ್ಮಾಮೀಟರನ್ನು ಬಿಳಿ ಬಣ್ಣದ ಜಾಲಂದ್ರದ ಪೆಟ್ಟಿಗೆಯೊಳಗೆ ಇಡುವುದೂ ಇದೇ ಕಾರಣಕ್ಕೆ.

ಹತ್ತು ನಿಮಿಷ ಬಿಡಿ. ಗನ್ ಕೂಡ ಅದೇ ಕೋಣೆಯಲ್ಲಿರಲಿ. ಎಸಿ ರೂಮಿನಿಂದ ತಂದ ಕೂಡಲೇ ಒತ್ತಿದರೆ ಅದು ತಪ್ಪು ಹೇಳುತ್ತದೆ.

ಅಳೆಯುವ ಮುನ್ನ ಹಣೆ ನೋಡುವ ಮೋಡಿನಿಂದ ವಸ್ತು ನೋಡುವ ಮೋಡಿಗೆ ಬದಲಿಸಿ. ಹಣೆಯ ಮೋಡಿನಲ್ಲಿ ಅದು ಮೈಜ್ವರದ ಲೆಕ್ಕಕ್ಕೆ ಅಂಕಿಯನ್ನು ತಿದ್ದಿಬಿಡುತ್ತದೆ. ಒಲೆಗೆ ಮರೆಯಾದ ಬದಿಯಿಂದ ಮೂರರಿಂದ ಐದು ಸೆಂಟಿಮೀಟರ್ ಹತ್ತಿರ ಹಿಡಿದು ಒತ್ತಿ, ಕೈ ಹಿಂದೆ ತೆಗೆಯಿರಿ. ದೂರದಿಂದ ಹಿಡಿದರೆ ರಟ್ಟಿನ ಜೊತೆ ಹಿಂದಿನ ಗೋಡೆಯೂ ಸೇರಿಕೊಳ್ಳುತ್ತದೆ.

ಮರೆ ಸರಿಯಾಗಿದೆಯೇ ಎಂದು ತಿಳಿಯಲು ರಟ್ಟಿಗೆ ಬೀಸಣಿಗೆಯಿಂದ ಒಂದು ನಿಮಿಷ ಗಾಳಿ ಹಾಕಿ, ಮತ್ತೆ ಅಳೆಯಿರಿ. ಅಂಕಿ ಇಳಿದರೆ ಝಳ ಇನ್ನೂ ಬಡಿಯುತ್ತಿದೆ ಎಂದರ್ಥ. ಇಳಿಯದಿದ್ದರೆ ಅದೇ ಗಾಳಿಯ ಬಿಸಿ. ಆದರೂ ಒಂದೆರಡು ಡಿಗ್ರಿ ಆಚೀಚೆ ಇದ್ದೇ ಇರುತ್ತದೆ.

ನಮ್ಮನೆಯಲ್ಲಿ ಕೊನೆಗೆ ಸಿಕ್ಕಿದ್ದು 35. ಹಾಗಂತ ಶೀಟಿನ 52 ಸುಮ್ನೆ ಬಂದ ಅಂಕಿ ಅಲ್ಲ. ಒಲೆ ಆರಿಸಿದ ಮೇಲೂ ನೆತ್ತಿ ಕಾಯುತ್ತಿತ್ತಲ್ಲ, ಅದು ಆ ಶೀಟಿನ ಝಳ.