ಬಟವಾಡೆ ಸಂಜೆ ಹಿಡಿದರೆ ಕುಡಿತ ಇಳಿಯುತ್ತೆ

ದಕ್ಷಿಣ ಕೊಡಗಿನ ಕೆಲವು ಕಾಫಿ ತೋಟಗಳ ಲೈನ್ ಮನೆಗಳು, ಅಂದ್ರೆ ಕೂಲಿಯವರು ಇರೋ ಸಾಲುಮನೆಗಳು, ನನ್ನ ಆರೋಗ್ಯ ಉಪಕೇಂದ್ರಕ್ಕೆ ಸೇರುತ್ತವೆ. ಬಸುರಿಯರ ಕುಡಿತ ಬಿಡಿಸೋದು ನಮ್ಮಂಥ ಸಿಸ್ಟರ್‌ಗಳ ಕೈಲಾಗೋ ಕೆಲಸವಲ್ಲ ಅಂದವರೇ ಈಗ ಹೇಗೆ ಮಾಡಿದ್ರಿ ಅಂತ ಫೋನ್ ಮಾಡ್ತಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಮೊದಲು ನಮಗೆ ಹೇಳಿದ್ದು ಹೆದರಿಸೋ ದಾರಿ. ಕುಡಿದ್ರೆ ಮಗುವಿಗೆ ಏನಾಗುತ್ತೆ ಅನ್ನೋ ಚಿತ್ರ ತೋರಿಸಿದ್ದೇ ತಡ, ಕುಡಿಯೋರೆಲ್ಲ ಪ್ರತಿ ತಿಂಗಳ 9ನೇ ತಾರೀಕಿನ ಬಸುರಿಯರ ತಪಾಸಣೆಗೆ ಬರೋದನ್ನೇ ಬಿಟ್ಟರು. ಫ್ಲೆಕ್ಸ್‌ಗೆ ಸುರಿದ ಎರಡು ಸಾವಿರ ಚಿಲ್ಲರೆ ಮಳೆಗೆ ಹೋಯ್ತು.

ಆಮೇಲೆ ಕೇಳೋ ರೀತಿ ಬದಲಾಯಿಸಿದೆ. ‘ಕುಡೀತೀಯಾ’ ಅಂದ್ರೆ ಉತ್ತರ ‘ಇಲ್ಲಕ್ಕ’. ಟೀ ಎಷ್ಟು, ಎಲೆ-ಅಡಿಕೆ ಎಷ್ಟು, ಹೊಗೆಸೊಪ್ಪು ಎಷ್ಟು, ಬಟವಾಡೆ ದಿನ (ಕೂಲಿ ಕೈಗೆ ಬರೋ ದಿನ) ಪ್ಯಾಕೆಟ್ ಎಷ್ಟು ಅಂತ ಎಲ್ಲರಿಗೂ ಒಂದೇ ದನಿಯಲ್ಲಿ ಕೇಳ್ತಾ ಹೋದೆ. ‘ಒಂದು. ಚಳಿ ಇದ್ರೆ ಎರಡು’ ಅಂತ ತಾನಾಗೇ ಬಂತು. 90 ಎಂಎಲ್ ವಿಸ್ಕಿ-ಬ್ರಾಂದಿ ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತೆ. ನೀರು ಜಾಸ್ತಿ ಬೆರೆಸಿದ್ರೆ ಮಗುವಿಗೆ ತಟ್ಟಲ್ಲ ಅಂತ ನಂಬಿದವರೇ ಹೆಚ್ಚು.

ಕೊಯ್ಲಿನ ಕಾಲದಲ್ಲಿ ಸೊಂಟ ಬಿದ್ದುಹೋಗಿರುತ್ತೆ, ನಿದ್ದೆ ಬರಲ್ಲ, ಗಂಡ ಹೇಗೂ ತಂದಿರ್ತಾನೆ. ಅದಕ್ಕೆ ಬಟವಾಡೆ ಸಂಜೆ ಆರರಿಂದ ಎಂಟರವರೆಗೆ ಬಸುರಿಯರನ್ನ ಒಂದೇ ಲೈನ್ ಮನೇಲಿ ಸೇರಿಸಿದೆ. ಹಂಡೆ ತುಂಬ ಬಿಸಿನೀರು, ಸೊಂಟಕ್ಕೆ ಎಣ್ಣೆ, ಮೊಟ್ಟೆ ಸಾರು, ಅನ್ನ. ಸೌದೆ ತೋಟದ್ದು, ತೋಟದ ಲೆಕ್ಕ ನೋಡೋ ರೈಟರ್‌ನ ಕೇಳಿ ಪಡೆದದ್ದು. ಮೊಟ್ಟೆ, ಎಣ್ಣೆಗೆ ತಿಂಗಳಿಗೆ ಆರೇಳು ನೂರು ನನ್ನ ಕೈಯಿಂದಲೇ ಹೋಗ್ತಿತ್ತು. ಪ್ಯಾಕೆಟ್‌ಗೆ ಎಷ್ಟು ಹೋಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ ಮೇಲೆ ಅವರೇ ಹತ್ತು ಹತ್ತು ಹಾಕೋಕೆ ಶುರುಮಾಡಿದ್ರು.

ಕುಡಿಯೋಕೆ ಬದಲಿಯಾಗಿ ನಿಂಬೆ ಸೋಡಾ ಕೊಟ್ಟು ನೋಡಿದೆ, ಯಾರೂ ಮುಟ್ಟಲಿಲ್ಲ. ಬೆಲ್ಲದ ಪಾನಕವೂ ಅಷ್ಟೇ. ಗಂಟಲು ಸುಡಬೇಕು ಅಂತ ಒಬ್ಬಳು ಬಾಯಿಬಿಟ್ಟು ಹೇಳಿದ ಮೇಲೆ ತೋಟದ್ದೇ ಕಾಳುಮೆಣಸು ಜಜ್ಜಿ ಶುಂಠಿ ಹಾಕಿ ಕಷಾಯ ಕಾಯಿಸಿದೆ. ಅದು ಹಿಡಿಸ್ತು. ಅಳತೆ ಹೇಳಲ್ಲ, ನೀವೇ ಕುದಿಸಿ ನೋಡಿ. ಗಂಡಂದಿರನ್ನ ದಾರಿಗೆ ತಂದ ಬಗೆಯನ್ನೂ ಬರೆಯಲ್ಲ, ಲೈನ್‌ಗೆ ಗೊತ್ತಾದ್ರೆ ಆಟ ಮುಗೀತು.

‘ಕಮ್ಮಿ ಮಾಡು ಅಂದ್ರೆ ಕುಡಿ ಅಂದಂಗೆ’ ಅಂತ ಡಾಕ್ಟರೊಬ್ಬರು ವಾದ ಹಾಕಿದ್ರು. ಬಸುರಿಗೆ ಒಂದು ಗುಟುಕೂ ಬೇಡ, ಅದನ್ನ ನಾನೂ ಮೊದಲ ದಿನವೇ ಹೇಳ್ತೀನಿ. ಆದ್ರೆ ಎರಡರಿಂದ ಒಂದಕ್ಕೆ ಬಂದವಳನ್ನ ಬೈದು ಓಡಿಸಲ್ಲ, ಮುಂದಿನ ವಾರ ಮತ್ತೆ ಕರೀತೀನಿ. ಹದಿನೈದಿಪ್ಪತ್ತು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ತಿ ಬಿಟ್ಟರು.

ಬೆಳಿಗ್ಗೆಯೇ ಬೇಕು ಅನ್ನೋರ ವಿಷಯ ಬೇರೆ. ಒಬ್ಬಳು ಟೀ ಲೋಟವನ್ನ ಎರಡೂ ಕೈಯಲ್ಲಿ ಹಿಡಿದಿದ್ಲು, ಆದ್ರೂ ಸೆರಗಿನ ಮೇಲೆ ತುಳುಕ್ತಿತ್ತು, ಹಣೆ ಪೂರ್ತಿ ಬೆವರು. ಅಂಥವರಿಗೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸು ಅನ್ನಬೇಡಿ, ಫಿಟ್ಸ್ ಬರಬಹುದು. ಅವತ್ತೇ ಜೀಪ್ ಮಾಡಿ ದೊಡ್ಡಾಸ್ಪತ್ರೆಗೆ ಸೇರಿಸಿದೆ. ಒಂದು ವಾರ ಇದ್ದು ಬಂದ್ಲು. ಜೀಪ್ ಬಾಡಿಗೆ ಸಾವಿರದಷ್ಟು ಆಯ್ತು, ಇನ್ನೂ ಬಂದಿಲ್ಲ.

ಈಗ ಉಳಿದಿರೋದು ಬಾಣಂತಿಗೆ ಬ್ರಾಂದಿ ಕೊಡೋ ಅತ್ತೆಯರು. ಏಳನೇ ತಿಂಗಳಿಂದಲೇ ಅವರನ್ನೂ ಹಂಡೆ ಕಾಯಿಸೋಕೆ ಕರೀತಿದ್ದೀನಿ.