ಮೈಲೋಮಾ ಟ್ರಾನ್ಸ್‌ಪ್ಲಾಂಟ್‌ಗೆ ಅಡ್ಮಿಟ್ ಆಗೋಕೆ ಮುಂಚೆ ಏನೇನ್ ಮಾಡ್ಕೋಬೇಕು

ಅಪ್ಪಂಗೆ ಮಲ್ಟಿಪಲ್ ಮೈಲೋಮಾ, ಅಂದ್ರೆ ಮೂಳೆ ಮಜ್ಜೆಲಿ ಬರೋ ಒಂಥರಾ ಬ್ಲಡ್ ಕ್ಯಾನ್ಸರ್, ಟ್ರಾನ್ಸ್‌ಪ್ಲಾಂಟ್ ಮಾಡ್ಬೇಕು ಅಂದಾಗ ನಾವು ಮೂರು ಜನ ಮಕ್ಕಳೂ ನಂದು ತಗೊಳ್ಳಿ ನಂದು ತಗೊಳ್ಳಿ ಅಂತ ಮುಂದೆ ಬಂದ್ವಿ, ಡಾಕ್ಟ್ರು ನಕ್ಬಿಟ್ರು. ಈ ಕಾಯಿಲೆಗೆ ಸಾಮಾನ್ಯವಾಗಿ ಪೇಷೆಂಟ್‌ದೇ ಸ್ಟೆಮ್ ಸೆಲ್ (ಹೊಸ ರಕ್ತ ಹುಟ್ಟಿಸೋ ಮೂಲ ಕಣ) ತೆಗೆದು ಫ್ರೀಜ್ ಮಾಡಿಟ್ಟು, ಮೆಲ್ಫಲಾನ್ ಅನ್ನೋ ಜೋರು ಕೀಮೋ ಕೊಟ್ಟು, ಆಮೇಲೆ ಅವರಿಗೇ ವಾಪಸ್ ಹಾಕ್ತಾರೆ. ಕತ್ತರಿ ಹೊಲಿಗೆ ಏನೂ ಇಲ್ಲ, ರಕ್ತ ಏರಿಸ್ದಂಗೆ ಒಂದು ಬ್ಯಾಗ್ ಅಷ್ಟೇ. ಕಷ್ಟ ಇರೋದು ಅದರ ಹಿಂದೆ ಮುಂದೆ.

ಮೊದಲು ಕೆಲವು ತಿಂಗಳು ಬೊರ್ಟೆಜೊಮಿಬ್ ಇಂಜೆಕ್ಷನ್, ಲೆನಾಲಿಡೊಮೈಡ್, ಡೆಕ್ಸಾ ಅನ್ನೋ ಸ್ಟೀರಾಯ್ಡ್ ಮಾತ್ರೆ ನಡೆಯುತ್ತೆ. ಡೆಕ್ಸಾನ ಬೆಳಿಗ್ಗೆ ತಿಂಡಿ ಆದ್ಮೇಲೆ ಕೊಡಿ, ಇಲ್ಲಾಂದ್ರೆ ರಾತ್ರಿ ಮನೆಯವರು ಯಾರೂ ಮಲಗಂಗಿಲ್ಲ, ಶುಗರ್ರೂ ಏರುತ್ತೆ ಚೆಕ್ ಮಾಡ್ತಿರಿ. ಬೊರ್ಟೆಜೊಮಿಬ್‌ನಿಂದ ಪಾದ ಜುಮ್ ಅಂತಿದ್ರೆ ಮುಚ್ಚಿಡ್ಬೇಡಿ, ನಮ್ಮಪ್ಪ ವಯಸ್ಸಾಯ್ತು ಬಿಡು ಅಂತ ಎರಡು ತಿಂಗಳು ಹೇಳ್ಲೇ ಇಲ್ಲ, ಹೇಳಿದ್ರೆ ಡೋಸ್ ಕಮ್ಮಿ ಮಾಡೋಕಾಗುತ್ತೆ. ಗ್ರೀನ್ ಟೀ, ನಾಟಿ ಔಷಧಿ ಎಲ್ಲಾ ಡಾಕ್ಟ್ರನ್ನ ಕೇಳ್ದೆ ಕೊಡ್ಬೇಡಿ.

ಹಲ್ಲು ತೋರಿಸೋದನ್ನ ಕೊನೇಗಿಟ್ಕೋಬೇಡಿ. ಕೀಮೋ ಆದ್ಮೇಲೆ ಬಿಳಿ ರಕ್ತಕಣದ ಕೌಂಟ್ ಬಿದ್ದಾಗ ಒಂದು ಹುಳುಕು ಹಲ್ಲೂ ಇನ್ಫೆಕ್ಷನ್‌ಗೆ ದಾರಿ, ಆದ್ರೆ ಮೂಳೆಗೆ ಜೊಲೆಡ್ರೋನಿಕ್ ಆಸಿಡ್ ಹಾಕಿಸ್ಕೊಳ್ತಿದ್ರೆ ಹಲ್ಲು ಕೀಳಿಸಿದ ಜಾಗ ವಾಸಿಯಾಗದೆ ದವಡೆಗೆ ತೊಂದ್ರೆ ಆಗ್ಬಹುದು, ಹಾಗಾಗಿ ಡೆಂಟಿಸ್ಟ್‌ಗೆ ಅದನ್ನ ಮೊದ್ಲೇ ಹೇಳಿ.

ಪ್ಲೇಟ್ಲೆಟ್ ಕೊಡೋರ ಲಿಸ್ಟ್ ಮಾಡಿಟ್ಕೊಳ್ಳಿ. ಅದು 5 ದಿನಕ್ಕಿಂತ ಜಾಸ್ತಿ ಉಳಿಯಲ್ಲ, ಮುಂಚೇನೇ ತೆಗ್ದಿಡೋಕಾಗಲ್ಲ, ಅದಕ್ಕೆ ಫೋನ್ ಮಾಡಿದ ತಕ್ಷಣ ಬರೋರು ಬೇಕು. ಪ್ಯಾಕೇಜ್‌ನಲ್ಲಿ ಏನೇನು ಸೇರಿಲ್ಲ ಅಂತ ಬರೆಸ್ಕೊಳ್ಳಿ, ಮುಖ್ಯಮಂತ್ರಿ ಪರಿಹಾರ ನಿಧಿ ಅರ್ಜಿ ಓಡಾಟ ಎಲ್ಲಾ ಅಡ್ಮಿಟ್ ಮುಂಚೆ ಮುಗಿಸಿ, ಆಮೇಲೆ ಟೈಮ್ ಸಿಗಲ್ಲ.

ಸೆಲ್ ತೆಗೆಯೋಕೆ ಮುಂಚೆ ನಾಲ್ಕೈದು ದಿನ ಇಂಜೆಕ್ಷನ್ ಇರುತ್ತೆ, ಸೊಂಟ, ಮೂಳೆ ಎಲ್ಲಾ ನೋಯುತ್ತೆ. ಮಷೀನ್ ಮೇಲೆ ಕೆಲವು ಗಂಟೆ ಕೂರಿಸ್ತಾರೆ, ತುಟಿ ಚುರುಚುರು ಅಂದ್ರೆ ನರ್ಸ್‌ಗೆ ಹೇಳಿ, ಕ್ಯಾಲ್ಶಿಯಂ ಇಳ್ದಿರುತ್ತೆ. ತೂಕದ ಒಂದೊಂದು ಕೇಜಿಗೂ ಕನಿಷ್ಠ 20 ಲಕ್ಷ ಸೆಲ್ ಬೇಕು, ಒಂದೇ ದಿನಕ್ಕೆ ಸಿಗದಿದ್ರೆ ಮಾರನೇ ದಿನಾನೂ ತೆಗೀತಾರೆ.

ಮೆಲ್ಫಲಾನ್ ಹೋಗ್ತಿರುವಾಗ ಬಾಯಲ್ಲಿ ಐಸ್ ಇಟ್ಕೊಳ್ಳೋದು ಬಿಡ್ಲೇಬೇಡಿ. ಬಾಯಿ ತಣ್ಣಗಿದ್ರೆ ರಕ್ತನಾಳ ಕುಗ್ಗಿ ಔಷಧಿ ಅಲ್ಲಿಗೆ ಕಮ್ಮಿ ತಲುಪುತ್ತೆ, ಹುಣ್ಣು ಕಮ್ಮಿ ಆಗುತ್ತೆ. ಶೀತ ಆಗುತ್ತೆ ಕಣಮ್ಮ ಅಂತ ಅಪ್ಪ ಗೊಣಗಿದ್ರು, ಶೀತ ಗೀತ ಏನೂ ಆಗ್ಲಿಲ್ಲ.

ಮನೆಗೆ ವಾಪಸ್ ಬಂದ್ಮೇಲೆ ಕೋಸಂಬರಿ, ಹಸಿ ಕಾಯಿ ಚಟ್ನಿ, ಸಾರಿನ ಮೇಲೆ ಉದುರಿಸೋ ಕೊತ್ತಂಬ್ರಿ, ದೇವಸ್ಥಾನದ ತೀರ್ಥ ಇವೆಲ್ಲಾ ಡಾಕ್ಟ್ರು ಹೇಳೋವರೆಗೂ ಬೇಡ, ಬಿಸಿಬಿಸಿ ಬೇಯಿಸಿದ್ದೇ ಕೊಡಿ. ಜ್ವರ 100.4 ಮುಟ್ಟಿದ್ರೆ ನಡುರಾತ್ರಿ ಆದ್ರೂ ಫೋನ್ ಮಾಡಿ, ನೀವೇ ಡೋಲೋ ಕೊಟ್ಟು ಬೆಳಗಾಗ್ಲಿ ಅನ್ಬೇಡಿ.

ಇನ್ನೊಂದು, ಸೆಲ್ ಹಾಕಿದ ದಿನ ರೂಮೆಲ್ಲಾ ಬೆಳ್ಳುಳ್ಳಿ ಥರ ವಾಸನೆ ಬರುತ್ತೆ, ಅದು ಫ್ರೀಜ್ ಮಾಡೋಕೆ ಬೆರೆಸಿದ ಔಷಧಿದು, ಒಂದೆರಡು ದಿನಕ್ಕೆ ಹೋಗುತ್ತೆ. ನಮ್ಮಮ್ಮ ಒಗ್ಗರಣೆ ತಿಂದು ಬಂದಿದೀಯಾ ಅಂತ ನನ್ನೇ ಬೈದ್ರು.